ಇಲ್ಲದ ಸದ್ದಿನ ಶಾಸ್ತ್ರ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲು ಹೇಳಿಬಿಡುವುದು ಸಂಪ್ರದಾಯ. ವಿಷಯ: ಬೈನಾರಲ್ ಬೀಟ್ಸ್, ಎಂದರೆ ಎಡಗಿವಿಯಲ್ಲೂ ಇಲ್ಲದೆ ಬಲಗಿವಿಯಲ್ಲೂ ಇಲ್ಲದೆ ತಲೆಯೊಳಗೆ ಮಾತ್ರ ಕೇಳಿಸುವ ಮಿಡಿತ. ಪ್ರಯೋಜನ: ಏಕಾಗ್ರತೆ, ವಿಶ್ರಾಂತಿ ಮತ್ತು ನಿದ್ರೆ. ಅಧಿಕಾರಿ: ಎರಡೂ ಕಿವಿ ನೆಟ್ಟಗಿದ್ದು, ಎರಡೂ ಕಡೆ ಕೇಳಿಸುವ ಇಯರ್‌ಫೋನ್ ಉಳ್ಳವನು. ಒಂದೇ ಕಡೆ ಕೇಳಿಸುವ ಇಯರ್‌ಫೋನ್‌ಗಳು ಪ್ರತಿ ಮನೆಯ ಡ್ರಾಯರಿನಲ್ಲೂ ಗೋಜಲಾಗಿ ಬಿದ್ದಿರುವುದರಿಂದ ಅಧಿಕಾರಿಗಳ ಸಂಖ್ಯೆ ಮೇಲ್ನೋಟಕ್ಕೆ ತೋರುವುದಕ್ಕಿಂತ ಕಡಿಮೆಯೆಂದು ತಿಳಿಯಬೇಕು. ಇನ್ನು ಸಂಬಂಧ. ವಿಷಯಕ್ಕೂ ಪ್ರಯೋಜನಕ್ಕೂ ಏನು ಸಂಬಂಧವೆಂಬುದೇ ವಿವಾದದಲ್ಲಿದೆ. ಗ್ರಂಥ ಹುಟ್ಟಿದ್ದು ಆ ಕಾರಣದಿಂದಲೇ.

ಮೊದಲನೆಯ ಸೂತ್ರ: ಎಡಕ್ಕೆ 200, ಬಲಕ್ಕೆ 210, ಲಾಭ 10.

ಭಾಷ್ಯ. ಎಡಗಿವಿಗೆ ಸೆಕೆಂಡಿಗೆ 200 ಸಲ ಕಂಪಿಸುವ ಸ್ವರ, ಬಲಗಿವಿಗೆ 210 ಸಲ ಕಂಪಿಸುವ ಸ್ವರ. ಬಿಡಿಬಿಡಿಯಾಗಿ ಕೇಳಿದರೆ ಎರಡೂ ಬರಿಯ ಗುಂಯ್. ಒಟ್ಟಿಗೆ ಬಿಟ್ಟರೆ ಸೆಕೆಂಡಿಗೆ 10 ಸಲ ಏರಿಳಿಯುವ ಮೂರನೆಯ ಮಿಡಿತವೊಂದು ತಲೆಯ ನಡುವೆ ಏಳುತ್ತದೆ. ಮೈಕ್ ಹಿಡಿದು ಹುಡುಕಿದರೆ ಅದು ಸಿಗುವುದಿಲ್ಲ, ಏಕೆಂದರೆ ಗಾಳಿಯಲ್ಲಿ ಅದಿಲ್ಲ. ಎರಡು ಕಿವಿಗಳ ಸುದ್ದಿ ಮೊದಲು ಕೂಡುವುದು ಮಿದುಳಿನ ಬುಡದಲ್ಲಿರುವ ಸುಪೀರಿಯರ್ ಆಲಿವರಿ ಕಾಂಪ್ಲೆಕ್ಸ್ ಎಂಬ ಕಟ್ಟೆಯಲ್ಲಿ. ಹಿಂದಿನಿಂದ ಹಾರನ್ ಹೊಡೆಯುವ ಬಸ್ಸು ಎಡದ್ದೋ ಬಲದ್ದೋ ಎಂಬುದನ್ನು, ಸದ್ದು ಯಾವ ಕಿವಿಗೆ ಕೂದಲೆಳೆಯಷ್ಟು ಮೊದಲು ತಲುಪಿತೆಂದು ಲೆಕ್ಕಹಾಕಿ ತೀರ್ಮಾನಿಸುವುದು ಇದರ ಕುಲವೃತ್ತಿ. ಒಂದಕ್ಕೊಂದು ಸ್ವಲ್ಪವೇ ಹೊಂದದ ಎರಡು ಸ್ವರ ಕೊಟ್ಟರೆ ಆ ಅಂತರ ಕ್ಷಣಕ್ಷಣವೂ ಜಾರುತ್ತಾ ಹೋಗುತ್ತದೆ, ಲೆಕ್ಕ ಮುಗಿಯುವುದೇ ಇಲ್ಲ. ಪಾಪದ ನರಗಳ ಆ ಪರದಾಟವನ್ನೇ ನಾವು ಸಂಗೀತವೆಂದು ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದೇವೆ. ಮೂಲ ಸ್ವರ ಸುಮಾರು 1000 ಹರ್ಟ್ಸ್ ದಾಟಿದರೆ ನರಗಳು ಒಂದೊಂದು ಕಂಪನಕ್ಕೂ ಜೊತೆಗೊಡಲಾರವು, ಮಿಡಿತ ಮಾಯ. ಎರಡರ ಅಂತರ 30 ಹರ್ಟ್ಸ್ ಆಸುಪಾಸು ಮೀರಿದರೆ ಎರಡೂ ಬೇರೆಬೇರೆ ಸ್ವರಗಳೆಂದು ಬಯಲಾಗಿ ಮತ್ತೆ ಮಾಯ.

ಇಲ್ಲಿ ಪೂರ್ವಪಕ್ಷಿ ಕೇಳುತ್ತಾನೆ: ಬೇಕಾದದ್ದು 10 ಆದರೆ 10ನ್ನೇ ನೇರ ಕಿವಿಗೆ ಬಿಡಬಾರದೇಕೆ? ಉತ್ತರ: 20 ಹರ್ಟ್ಸ್‌ಗಿಂತ ಕೆಳಗಿನದು ಮನುಷ್ಯನ ಕಿವಿಗೆ ಸ್ವರವಾಗಿ ಕೇಳಿಸದು. ಆದ್ದರಿಂದ ಕಳೆಯುವ ಲೆಕ್ಕ ಕೊಟ್ಟು ಉತ್ತರವನ್ನು ಮಿದುಳೇ ಬರೆಯುವಂತೆ ಮಾಡುವುದು. ಒಂದೇ ಇಯರ್‌ಫೋನಿನ ಒಂದು ತುದಿ ಗಂಡನ ಕಿವಿಯಲ್ಲೂ ಇನ್ನೊಂದು ಹೆಂಡತಿಯ ಕಿವಿಯಲ್ಲೂ ಇದ್ದರೆ 10 ಯಾರಿಗೆ ಸೇರಿದ್ದೆಂಬ ಪ್ರಶ್ನೆಯೂ ಏಳುತ್ತದೆ. ಒಬ್ಬರಿಗೆ 200, ಇನ್ನೊಬ್ಬರಿಗೆ 210, ಕೂಡುವ ಕಟ್ಟೆ ಇಬ್ಬರ ತಲೆಯಲ್ಲೂ ಇಲ್ಲ. ಮಿಡಿತ ಅನಾಥ. ಸಿನಿಮಾದಲ್ಲಿ ಪ್ರೇಮಿಗಳು ಬಸ್ಸಿನ ಸೀಟಿನಲ್ಲಿ ಹೀಗೆ ಕೂರುವುದನ್ನು ಈ ಶಾಸ್ತ್ರ ಅನುಮೋದಿಸುವುದಿಲ್ಲ.

ಇನ್ನೊಬ್ಬ ಪೂರ್ವಪಕ್ಷಿ ತಂಬೂರಿಯವನು. 'ಇದೇನು ಹೊಸದು? ಸಾರಣಿ, ಅನುಸಾರಣಿ ಎರಡೂ ತಂತಿ ಶ್ರುತಿ ಸೇರದೆ ಚೂರು ಆಚೀಚೆಯಾದರೆ ಅಲೆ ಅಲೆಯಾಗಿ ಮಿಡಿಯುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ' ಎಂಬುದು ಅವನ ವಾದ. ಸಮಾಧಾನ: ಅದು ವಾಯುಜನ್ಯ, ಗಾಳಿಯಲ್ಲೇ ಎರಡು ಅಲೆಗಳು ಬೆರೆತು ಆದದ್ದು, ಒಂದೇ ಕಿವಿ ಸಾಕು. ನಮ್ಮದು ಮಸ್ತಕಜನ್ಯ. ಆದರೂ ಒಂದು ಮಾತು ಒಪ್ಪಬೇಕು. ವಿದ್ವಾಂಸರು ಕಚೇರಿಗೆ ಮುಂಚೆ ಬಿರಡೆ ತಿರುವಿ ತಿರುವಿ ಯಾವುದನ್ನು ಓಡಿಸುತ್ತಿದ್ದರೋ ಅದೇ ಜಾತಿಯ ಪದಾರ್ಥಕ್ಕೆ ಈಗ ತಿಂಗಳ ಚಂದಾ ನಿಗದಿಯಾಗಿದೆ.

ಇನ್ನು ಗುರುಪರಂಪರೆ. ಆದಿಗುರು ಪ್ರಷ್ಯಾದ ಹೈನ್‌ರಿಶ್ ವಿಲ್‌ಹೆಲ್ಮ್ ಡೋವೆ (1803–1879). ಶ್ರುತಿಕವೆಗಳನ್ನು ಹಿಡಿದು 1840ರ ಆಸುಪಾಸಿನಲ್ಲಿ ಇದನ್ನು ಕಂಡುಕೊಂಡ. ಲೋಕದಲ್ಲಿ ಆತ ಹೆಸರಾದದ್ದು ಹವಾಮಾನ ಪಂಡಿತನಾಗಿ, ಬಿರುಗಾಳಿ ಹೇಗೆ ತಿರುಗುತ್ತದೆಂದು ಹೇಳಿದವನಾಗಿ. ಗಾಳಿಯನ್ನೇ ಉಸಿರಾಡಿದವನ ಕೈಗೆ ಗಾಳಿಯಲ್ಲಿಲ್ಲದ ಸದ್ದು ಸಿಕ್ಕಿತೆಂಬುದರ ಮೇಲೆ ಪ್ರತ್ಯೇಕ ಅಧ್ಯಾಯ ಬರೆಯುವ ಆಸೆಯಿತ್ತು, ಸಂಪಾದಕರ ಭಯದಿಂದ ಬಿಟ್ಟಿದ್ದೇವೆ. ನಂತರದ ದೊಡ್ಡ ಹೆಸರು ಜೆರಾಲ್ಡ್ ಓಸ್ಟರ್. 1973ರ ಅಕ್ಟೋಬರಿನ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ. ಆತನಿಗೆ ಇದು ಕಿವಿ, ಮಿದುಳು, ನರರೋಗಗಳನ್ನು ಪರೀಕ್ಷಿಸುವ ಸಾಧನವಾಗಿ ಕಂಡಿತು. ಪಾರ್ಕಿನ್ಸನ್ ರೋಗಿಗಳಲ್ಲಿ ಕೆಲವರಿಗೆ ಮಿಡಿತ ಕೇಳಿಸದೆಂದು ಗುರುತಿಸಿದ. ಇಂಥ ಸಂಯಮಿಗಳಿಂದ ಪಂಥ ಬೆಳೆಯುವುದಿಲ್ಲ.

ಪಂಥ ಬೆಳೆಸಿದವನು ರಾಬರ್ಟ್ ಮನ್ರೋ. ಅಮೆರಿಕದ ವರ್ಜೀನಿಯಾದಲ್ಲಿ ನೆಲೆಸಿದವನು, ವೃತ್ತಿಯಿಂದ ರೇಡಿಯೋ ಮನುಷ್ಯ. ತಾನು ದೇಹ ಬಿಟ್ಟು ಓಡಾಡಿ ಬಂದ ವೃತ್ತಾಂತವನ್ನು 1971ರಲ್ಲಿ ಪುಸ್ತಕವಾಗಿ ಹೊರತಂದ. 1975ರಲ್ಲಿ, ಮನುಷ್ಯನನ್ನು ನಿದ್ರೆಯ ನಾನಾ ಹಂತಗಳಿಗೆ ಇಳಿಸಿ ಅಲ್ಲೇ ಇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ದೇಹ ಬಿಡುವ ಮೊದಲು ಪೇಟೆಂಟ್ ಅರ್ಜಿಗೆ ಸಹಿ ಹಾಕಲು ದೇಹ ಬೇಕೆಂಬ ವಿವೇಕ ಆತನಲ್ಲಿತ್ತು. ಆತನ 'ಹೆಮಿ-ಸಿಂಕ್' ಎಂಬ ಮಿಡಿತ ವಿಧಾನ ಅಮೆರಿಕದ ಸೇನೆಯ ಗುಪ್ತಚರ ವಿಭಾಗದ ಕಣ್ಣಿಗೂ ಬಿತ್ತು. 1983ರಲ್ಲಿ ವೇಯ್ನ್ ಮೆಕ್‌ಡೊನೆಲ್ ಎಂಬ ಲೆಫ್ಟಿನೆಂಟ್ ಕರ್ನಲ್ ಇದರ ಮೇಲೆ ವರದಿ ಬರೆದರು. ಮಿದುಳಿನಿಂದ ಹೊರಟ ಆ ವರದಿ ಹೊಲೋಗ್ರಾಮು, ಕಾಲ, ದೇಶಗಳನ್ನು ದಾಟಿ ಪರಾತ್ಪರದ ಬಾಗಿಲು ತಟ್ಟುತ್ತದೆ. 2003ರಲ್ಲಿ ಗುಟ್ಟು ಸಡಿಲಿಸಿ ಸಿಐಎ ಹೊರಬಿಟ್ಟ ಪ್ರತಿಯಲ್ಲಿ 25ನೆಯ ಪುಟವೇ ಇರಲಿಲ್ಲ. ಹಸ್ತಪ್ರತಿ ಶಾಸ್ತ್ರ ಬಲ್ಲವರಿಗೆ ಇದು ಲುಪ್ತಪತ್ರ ಪ್ರಕರಣ. ಓಲೆಗರಿಯಾಗಿದ್ದರೆ ಗೆದ್ದಲಿನ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಗೂಢಚಾರರ ಕಪಾಟಿನಲ್ಲಿ ಗೆದ್ದಲಿಲ್ಲವಾದ್ದರಿಂದ, ಮೋಕ್ಷದ ಕೀಲಿಕೈ ಆ ಪುಟದಲ್ಲೇ ಇತ್ತೆಂದು ಭಕ್ತರು ನಿರ್ಣಯಿಸಿದರು. 2021ರಲ್ಲಿ ಪುಟ ಸಿಕ್ಕಿತು. ಓದಿದವರು ಮರುದಿನ ಎಂದಿನಂತೆ ಆಫೀಸಿಗೆ ಹೋದರು.

ಎರಡನೆಯ ಸೂತ್ರ: ಹೊರಗಿನ ಮಿಡಿತಕ್ಕೆ ಒಳಗಿನ ಅಲೆ ತಾಳ ಹಾಕುತ್ತದೆ.

ಇದು ಪೂರ್ವಪಕ್ಷದ ಸೂತ್ರ, ನಮ್ಮದಲ್ಲ. ಜರ್ಮನಿಯ ಯೇನಾದಲ್ಲಿ ಹನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದ. ಯೌವನದಲ್ಲಿ ಕುದುರೆಯಿಂದ ಬಿದ್ದು ಸಾವಿನಿಂದ ಕೂದಲೆಳೆಯಲ್ಲಿ ಪಾರಾದ ದಿನವೇ, ದೂರದಲ್ಲಿದ್ದ ಸೋದರಿಗೆ ಅದು ಮನಸ್ಸಿಗೆ ತಟ್ಟಿ ಮನೆಯಿಂದ ಟೆಲಿಗ್ರಾಂ ಬಂದಿತ್ತಂತೆ; ಆ ಮನೋತಂತಿಯ ಗುಟ್ಟು ಹುಡುಕುತ್ತ ಹೊರಟವನಿಗೆ ಸಿಕ್ಕಿದ್ದು ಇಇಜಿ. ಮೊದಲು ಕಂಡ ಅಲೆಗೆ ಆಲ್ಫಾ ಎಂದ, ಆಮೇಲಿನದಕ್ಕೆ ಬೀಟಾ. ಉಳಿದವು ನಂತರ ಕೂಡಿಕೊಂಡವು. ಅದರಿಂದಾಗಿ ನಿಧಾನದಿಂದ ವೇಗಕ್ಕೆ ಹೋಗುವ ಕ್ರಮ ಡೆಲ್ಟಾ, ಥೀಟಾ, ಆಲ್ಫಾ, ಬೀಟಾ, ಗಾಮಾ ಎಂದಾಗಿದೆ. ಗ್ರೀಕ್ ಅಕ್ಷರಮಾಲೆ ಬಾಯಿಪಾಠ ಮಾಡಿದವನಿಗೆ ಇದನ್ನು ಕೇಳಿಯೇ ನಿದ್ದೆ ಹಾರಿಹೋಗುತ್ತದೆ. ಗಾಢನಿದ್ರೆಯಲ್ಲಿ 4 ಹರ್ಟ್ಸ್‌ಗಿಂತ ಕೆಳಗಿನ ಡೆಲ್ಟಾ ಹೆಚ್ಚು ಕಾಣುವುದು ನಿಜ. ಆದ್ದರಿಂದ 3 ಹರ್ಟ್ಸ್ ಮಿಡಿತ ಕೇಳಿಸಿದರೆ ಗಾಢನಿದ್ರೆ ಬಂದೀತೆಂಬುದು ತಾಳವಾದಿಗಳ ತರ್ಕ. ಉಂಡವನು ತೇಗುತ್ತಾನೆ, ಆದ್ದರಿಂದ ತೇಗಿದರೆ ಹೊಟ್ಟೆ ತುಂಬುತ್ತದೆ ಎಂಬ ನ್ಯಾಯ.

ಆದರೂ ಪ್ರಮಾಣವಿಲ್ಲದೆ ಖಂಡಿಸುವುದು ಶಾಸ್ತ್ರಮರ್ಯಾದೆಯಲ್ಲ. ತಾಳವಾದಿಗಳ ಕೈಯಲ್ಲಿ ಬಲವಾದ ಕಾಗದಗಳಿವೆ. 2005ರಲ್ಲಿ ಪದ್ಮನಾಭನ್ ಮತ್ತಿತರರು ಅನಸ್ತೀಷಿಯಾ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ, ಮಿಡಿತ ಕೇಳಿದವರಲ್ಲಿ ಶೇಕಡ 26.3 ಇಳಿಯಿತು. ಮಿಡಿತವಿಲ್ಲದ ಅದೇ ಸಂಗೀತ ಕೇಳಿದವರಲ್ಲಿ 11.1, ಏನೂ ಕೇಳದವರಲ್ಲಿ 3.8. 2019ರಲ್ಲಿ 22 ಅಧ್ಯಯನಗಳನ್ನು ಒಟ್ಟುಹಾಕಿ ತೂಗಿದವರಿಗೂ ಆತಂಕ, ನೋವು, ಗಮನಗಳ ಮೇಲೆ ಮಧ್ಯಮ ಗಾತ್ರದ ಪರಿಣಾಮ ಕಂಡಿತು. ನಾವು ಇವನ್ನು ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇಷ್ಟೇ: ಮಿದುಳು ನಿಜಕ್ಕೂ ತಾಳ ಹಾಕಿತೆ? 2023ರಲ್ಲಿ ಇಇಜಿ ಇಟ್ಟು ನೋಡಿದ 14 ಅಧ್ಯಯನಗಳನ್ನು ಪರಿಶೀಲಿಸಿದಾಗ 5 ಹೌದೆಂದವು, 8 ಇಲ್ಲವೆಂದವು, 1 ಎರಡೂ ಕಡೆ ತಲೆಯಾಡಿಸಿತು. ಇದಕ್ಕೂ ಮುಂಚೆ, 2020ರಲ್ಲಿ, ಮಸ್ತಕಜನ್ಯಕ್ಕಿಂತ ವಾಯುಜನ್ಯ ಮಿಡಿತಕ್ಕೇ ಮಿದುಳು ಚೆನ್ನಾಗಿ ತಾಳ ಹಾಕುತ್ತದೆಂದು ಮತ್ತೊಂದು ಪ್ರಯೋಗ ತೋರಿಸಿತು. ಮನಸ್ಥಿತಿಯನ್ನು ಎರಡೂ ಬದಲಿಸಲಿಲ್ಲ. ತಂಬೂರಿಯವನು ಈ ಜಾಗದಲ್ಲಿ ಮೀಸೆ ತಿರುವಿದನೆಂದು ಒಂದು ಪಾಠಾಂತರವಿದೆ. 2023ರಲ್ಲೇ ಪೋಲೆಂಡಿನಲ್ಲಿ 1000 ಜನ ಮನೆಯಲ್ಲೇ ಕೂತು ಪ್ರಯೋಗದಲ್ಲಿ ಭಾಗವಹಿಸಿದರು. ಮಿಡಿತ ಕೇಳಿದವರು ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳ ಕಿವಿಗೆ 'ಜೀನಿಯಸ್ ಫ್ರೀಕ್ವೆನ್ಸಿ' ತುರುಕುವ ತಂದೆತಾಯಿಗಳು ಈ ವಾಕ್ಯವನ್ನು ಎರಡು ಸಲ ಪಠಿಸಬೇಕು.

ಮೂರನೆಯ ಸೂತ್ರ: ಇಯರ್‌ಫೋನ್ ಕಂಡಲ್ಲಿ ಕೆಲಸ ಹೇಳುವುದಿಲ್ಲ.

ಇದೇ ಸಿದ್ಧಾಂತ. ಗೃಹಸ್ಥನೊಬ್ಬ ಸಂಜೆ ಮನೆಗೆ ಬಂದು, ದೀಪ ಆರಿಸಿ, ಮೊಬೈಲ್ ಕವುಚಿಟ್ಟು, ಕಣ್ಣು ಮುಚ್ಚಿ, ಕಿವಿಗೆ ಎರಡೂ ಬಿರಡೆ ಜಡಿದುಕೊಂಡು ಅರ್ಧ ಗಂಟೆ ಅಂಗಾತ ಮಲಗುತ್ತಾನೆ. ಬಾಗಿಲಲ್ಲಿ ಗ್ಯಾಸಿನವನು. 'ರೀ, ಸ್ವಲ್ಪ ಸಿಲಿಂಡರ್ ಒಳಗೆ ತಗೊಳ್ರೀ' ಎಂದು ಹೆಂಡತಿ ಕೂಗುತ್ತಾಳೆ. 'ಬಿಡಮ್ಮಾ, ಕಿವಿಗೆ ಹಾಕ್ಕೊಂಡು ಮಲಗಿದಾನೆ, ಎಬ್ಬಿಸ್ಬೇಡ' ಎನ್ನುತ್ತಾರೆ ಅತ್ತೆ. ಈ ವಾಕ್ಯದಲ್ಲಿ ಹರ್ಟ್ಸ್ ಎಷ್ಟೆಂಬ ಪ್ರಸ್ತಾಪವಿಲ್ಲವೆಂಬುದನ್ನು ಗಮನಿಸಬೇಕು. ಸಿಲಿಂಡರ್ ಹೊರುವುದು ತಪ್ಪಿದಲ್ಲಿ ವಿಶ್ರಾಂತಿ ಉಂಟಾಗುವುದು ಪ್ರತ್ಯಕ್ಷಸಿದ್ಧ. ಮೇಲಾಗಿ ಕಣ್ಣು ಮುಚ್ಚಿ ಸುಮ್ಮನಿದ್ದರೆ ಆಲ್ಫಾ ಅಲೆ ತಾನಾಗಿ ಏಳುತ್ತದೆಂದು ಬರ್ಗರ್ ಕಂಡದ್ದನ್ನು 1934ರಲ್ಲೇ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ದೃಢಪಡಿಸಿದ್ದಾರೆ. ಇದಕ್ಕೆ ಚಂದಾ ಇಲ್ಲ. ಹಾಗಿದ್ದರೆ ಇಯರ್‌ಫೋನೇಕೆ ಎಂದರೆ, ಬರಿಯ ಕಣ್ಣು ಮುಚ್ಚಿ ಮಲಗಿದವನನ್ನು ನಮ್ಮ ಮನೆಗಳಲ್ಲಿ ಸೋಮಾರಿ ಎನ್ನುತ್ತಾರೆ. ತಂತಿ ಕಂಡರೆ ಸಾಧಕ.

ಈ ಸೂತ್ರಕ್ಕೆ ಒಂದು ಅಪವಾದವುಂಟು. ಅದೇ ಗೃಹಿಣಿ ಅದೇ ಮಂಚದ ಮೇಲೆ ಅದೇ ಇಯರ್‌ಫೋನ್ ಹಾಕಿಕೊಂಡು ಮಲಗಿದಾಗ, ಯಾರೂ ಬಾಗಿಲಿನಿಂದ ಕೂಗುವುದಿಲ್ಲ. ಹತ್ತಿರ ಬಂದು, ಬಲಗಿವಿಯದನ್ನು ಮೆಲ್ಲಗೆ ಕಿತ್ತು, 'ನನ್ನ ಟವೆಲ್ ಎಲ್ಲಿಟ್ಟಿದೀಯ?' ಎನ್ನುತ್ತಾರೆ. ಆ ಕ್ಷಣದಲ್ಲಿ ಎಡಗಿವಿಯಲ್ಲಿ 200 ಮಾತ್ರ ಉಳಿದು, ಮಿಡಿತ ಅಲ್ಲಿಗೆ ನಿಂತು, ಟವೆಲ್ ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತದೆ.