ಮಿರ್ಚಿ ನೋ ಎಕಿ

ನಮ್ಮಕ್ಕನ ಮಗ ಜಪಾನಿನಲ್ಲಿ ದಿನಾ ಮಿರ್ಚಿ ತಿನ್ನುತ್ತಾನೆಂಬ ಸುದ್ದಿ ಅಳವಂಡಿಯ ನಮ್ಮ ಓಣಿಯಲ್ಲಿ ಎಂಟು ದಿನ ಓಡಾಡಿತು. ಸುದ್ದಿಯ ಮೂಲ ಒಂದು ವಿಡಿಯೋ ಕಾಲು. ಅಳಿಯ ಸಪ್ಪೊರೊದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆ ಸಿಕ್ಕಿತೆಂದರೆ ಬಾಡಿಗೆ ಕಾರು ತೆಗೆದುಕೊಂಡು ಹೊಕ್ಕೈಡೊ ಸುತ್ತುವುದು ಅವನ ಚಟ. ಅವತ್ತು ಮೊಣಕಾಲುದ್ದ ಹಿಮದ ನಡುವೆ ನಿಂತು, "ಯವ್ವಾ, ನಾ ಈಗ ಮಿಚಿ ನೋ ಎಕಿ ಒಳಗ ಅದೀನಿ" ಅಂದ. ನಮ್ಮೂರಿನ ನೆಟ್‌ವರ್ಕು ಅರ್ಧ ಮಾತು ತಾನೇ ನುಂಗಿ ಉಳಿದರ್ಧ ಅಕ್ಕನಿಗೆ ಕೊಟ್ಟಿತು. "ಬಿಸಿ ಅದಾವಿಲ್ಲೋ ಯಪ್ಪಾ? ಜೋಡಿ ಚುರುಮರಿ ಕೊಡತಾರೇನು?" ಎಂದು ಅಕ್ಕ ಕೇಳಿದಳು. ಮಗ ಪರದೇಶದಲ್ಲಿ ಹಸಿ ಮೀನು ತಿಂದು ಒಣಗುತ್ತಾನೆಂದು ಎರಡು ವರ್ಷದಿಂದ ಕೊರಗಿದ್ದ ಜೀವಕ್ಕೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನನಗೆ ಅವನು ಆಮೇಲೆ ಬಿಡಿಸಿ ಹೇಳಿದ. ಮಿಚಿ ಎಂದರೆ ದಾರಿ, ಎಕಿ ಎಂದರೆ ನಿಲ್ದಾಣ, ನಡುವಿನ ನೋ ನಮ್ಮ ಷಷ್ಠೀ ವಿಭಕ್ತಿ. ಜೀವಮಾನವಿಡೀ ಕನ್ನಡ ಮಾಸ್ತರಿಕೆ ಮಾಡಿದವನಿಗೆ ವಿಭಕ್ತಿ ಸಿಕ್ಕಿಬಿಟ್ಟರೆ ಪರದೇಶವೂ ಬೀಗರ ಮನೆಯಾಗುತ್ತದೆ. ದಾರಿಯ ನಿಲ್ದಾಣ! 1993ರಲ್ಲಿ ಅಲ್ಲಿನ ಸರಕಾರ ಮೊದಲು 103 ಜಾಗಗಳಿಗೆ ಈ ಹೆಸರು ಕೊಟ್ಟಿತಂತೆ. ಈಗ ದೇಶದ ತುಂಬ 1,200ಕ್ಕೂ ಹೆಚ್ಚಿವೆ, ಹೊಕ್ಕೈಡೊ ಒಂದರಲ್ಲೇ 120 ದಾಟಿವೆ. ಗಾಡಿ ನಿಲ್ಲಿಸಲು ಜಾಗ, ದಾರಿಯ ಮಾಹಿತಿ, ಸುತ್ತಲಿನ ರೈತರು ತಂದಿಟ್ಟ ಕಾಯಿಪಲ್ಲೆ, ಎಷ್ಟೋ ಕಡೆ ಕಾಯಿಪಲ್ಲೆಯ ಮೇಲೆ ಬೆಳೆದವನ ಹೆಸರು. ಹೋದವರು ಒಂದು ಪುಸ್ತಕದಲ್ಲಿ ಆ ನಿಲ್ದಾಣದ ಮೊಹರು ಒತ್ತಿಕೊಳ್ಳಬಹುದು. ಪುಸ್ತಕ ತುಂಬಿಸುವ ಹುಚ್ಚಿನಲ್ಲಿ ಗಂಡ ಹೆಂಡತಿ, ಮುದುಕರು, ಮಕ್ಕಳು ಬೇಸಿಗೆಯಿಡೀ ತಿರುಗುತ್ತಾರೆ. ಮತ್ತೆ ಸಂಡಾಸ. ಹಗಲು ರಾತ್ರಿ ಬಾಗಿಲು ತೆರೆದಿರಬೇಕು, ದುಡ್ಡು ಕೇಳಬಾರದು. ಇದಿಲ್ಲದಿದ್ದರೆ ಮಿಚಿ ನೋ ಎಕಿ ಎಂಬ ಹೆಸರೇ ಸಿಗುವುದಿಲ್ಲ.

ಇಷ್ಟನ್ನೂ ನಾನು ಅಕ್ಕನಿಗೆ ಪಾಠ ಮಾಡಿದೆ. ಮಿರ್ಚಿ ಕೈತಪ್ಪಿದ್ದಕ್ಕೆ ಮುಖ ಸಣ್ಣ ಮಾಡಿಕೊಂಡು ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ: "ರಾತ್ರಿನೂ ತಗದಿರತೈತಿ?"

ಎಳ್ಳ ಅಮಾವಾಸ್ಯೆಗೆ ಅಳಿಯ ಊರಿಗೆ ಬಂದ. ಹೊಲಕ್ಕೆ ಚರಗ ಚೆಲ್ಲಿ ಬಂದ ಮರುದಿನವೇ ಲ್ಯಾಪ್‌ಟಾಪ್ ತೆಗೆದ. "ಮಾಮಾ, ನಮ್ಮ ಕೊಪ್ಪಳ ಜಿಲ್ಲಾನೂ ಹಂಗ ಒಂದ ದಿನ ನೋಡೂಣು, ಪ್ಲ್ಯಾನ್ ಮಾಡಿ." ಪ್ಲ್ಯಾನು ಹೀಗಿತ್ತು: ಅಳವಂಡಿ 7.00, ಗವಿಮಠ 8.00, ಕೋಟೆ 9.15, ಮುನಿರಾಬಾದ್ 11.30, ಅಂಜನಾದ್ರಿ 2.00, ಹಿರೇಬೆಣಕಲ್ 4.30, ಮನೆ 7.30. ಕ್ರೂಸರಿನ ಡ್ರೈವರ್ ಅದನ್ನು ಮೊಬೈಲಿನಲ್ಲಿ ನೋಡಿ, "ಛಲೋ ಐತ್ರಿ. ಯಾವ ತಾರೀಖಿನ ಏಳೂವರಿ ರೀ?" ಎಂದು ವಿನಯದಿಂದ ಕೇಳಿದ.

ಏಳಕ್ಕೆ ಹೊರಡಬೇಕಾದ ಗಾಡಿ ಎಂಟೂಕಾಲಿಗೆ ಮನೆ ಬಿಟ್ಟಿತು, ಆದರೆ ಊರು ಬಿಡಲಿಲ್ಲ. ಮೊದಲು ಸಿದ್ಧೇಶ್ವರ ಮಠದ ಮುಂದೆ ನಿಂತಿತು, ವಿಭೂತಿ. ಆಮೇಲೆ ಗಾಲಿಗೆ ಗಾಳಿ, ನಮ್ಮಾಕಿಗೆ ಎಲೆಅಡಿಕೆ. ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪಳದ ತನಕ ಬರುತ್ತೇವೆಂದು ಹತ್ತಿದ ಇಬ್ಬರು ದೂರದ ಬೀಗರು. ಹನ್ನೊಂದು ಮಂದಿಯ ಗಾಡಿ ಹದಿಮೂರಾಯಿತು. ಅಳಿಯ ಪ್ರತಿ ಸಲ ಗಡಿಯಾರ ನೋಡುತ್ತಿದ್ದ. "ಮಾಮಾ, ಇವು ಲಿಸ್ಟಿನಾಗ ಇಲ್ಲ." "ನಿಲ್ಲೋದು ನಿಂತ ಮ್ಯಾಲ ಲಿಸ್ಟಿಗೆ ಬರತೈತಿ ತಗೋ" ಎಂದೆ.

ಕೊಪ್ಪಳ ಅಳವಂಡಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಎರಡೂ ಕಡೆ ಎರೆಹೊಲ, ಕಡಲೆ, ಬಿಳಿಜೋಳ, ನಡುನಡುವೆ ಆಳೆತ್ತರದ ತೊಗರಿ. ದಾರಿಯಲ್ಲಿ 'ಆಲದ ಗಿಡ' ಎಂಬ ಸ್ಟಾಪಿದೆ. ಗಿಡ ಇಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ಬಸ್ಸುಗಳು ಮಾತ್ರ ಇವತ್ತಿಗೂ ಆ ಇಲ್ಲದ ನೆರಳಿನಲ್ಲೇ ನಿಲ್ಲುತ್ತವೆ. ಅಳಿಯ ಮ್ಯಾಪಿನಲ್ಲಿ ಹುಡುಕಿದ, ಸಿಗಲಿಲ್ಲ. ಕಾಣದ ಗಿಡವನ್ನು ತೋರಿಸಲು ಉಪಗ್ರಹಕ್ಕಾಗದು, ಅದಕ್ಕೆ ನಮ್ಮೂರಿನ ಕಂಡಕ್ಟರೇ ಬೇಕು. ಅಲ್ಲಿಯೇ ನಮ್ಮ ನಿಜವಾದ ಮಿರ್ಚಿ ನೋ ಎಕಿ. ನಾಲ್ಕು ಕಂಬ, ತಗಡಿನ ಚಪ್ಪರ, ಕರಿ ಬಾಣಲೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದು ಚೊರ್ ಎಂದರೆ, ಆ ಸದ್ದೇ ಅರ್ಧ ಫರ್ಲಾಂಗಿನ ಬೋರ್ಡು. ಒಗ್ಗರಣೆ ಹಾಕಿದ ಚುರುಮರಿ, ಮೇಲೆ ಪುಟಾಣಿ ಹಿಟ್ಟು, ಪಕ್ಕಕ್ಕೆ ಎರಡು ಮಿರ್ಚಿ, ಎಲ್ಲಕ್ಕೂ ಆಸರೆ ಹಳೇ ಪೇಪರು. ನನ್ನ ಪಾಲಿಗೆ ಬಂದ ತುಂಡಿನಲ್ಲಿ ಅರ್ಧ ವಧೂವರರ ಜಾಹೀರಾತಿತ್ತು. ಹುಡುಗಿಯ ವಿದ್ಯೆ, ಎತ್ತರ, ಬಣ್ಣ ಎಲ್ಲ ಓದಿದೆ. ಫೋನ್ ನಂಬರಿನ ಮೇಲೆ ಎಣ್ಣೆ ಕೂತಿತ್ತು. ಅಳಿಯನ ಮದುವೆ ಅಷ್ಟರಮಟ್ಟಿಗೆ ಮುಂದೆ ಹೋಯಿತು.

ಅಕ್ಕ ಎರಡು ಮಿರ್ಚಿ ತಿಂದಳು, ಕಣ್ಣಲ್ಲಿ ನೀರು ಬಂತು, ನೀರು ಮಾತ್ರ ಕುಡಿಯಲಿಲ್ಲ. ನಮ್ಮಾಕಿಯೂ ಕುಡಿಯಲಿಲ್ಲ. ಅಳಿಯ ಬಾಟಲಿ ಹಿಡಿದು ಒತ್ತಾಯ ಮಾಡಿದ. "ಗಾಡಿ ಹತ್ತೂ ದಿನ ಹೆಣಮಕ್ಕಳು ನೀರು ಕುಡಿಯಂಗಿಲ್ಲೋ ಯಪ್ಪಾ" ಎಂದು ಅಕ್ಕ ಬಾಟಲಿಯನ್ನು ಅವನ ಕಡೆಗೇ ಸರಿಸಿದಳು. ಹಿಂದಿನ ರಾತ್ರಿ ಊಟವಾದ ಮೇಲೆ ಅವಳು ಒಂದು ಗುಟುಕು ಕುಡಿದಿರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ಅರವತ್ತೈದು ದಾಟಿದ ನನಗೂ, ನಿಜ ಹೇಳಬೇಕೆಂದರೆ, ಆಗಲೇ ತಿಳಿದದ್ದು.

ಗವಿಮಠದಲ್ಲಿ ಇನ್ನೊಂದು ವಿಭೂತಿ. ಜಾತ್ರೆಗೆ ಇನ್ನೂ ದಿನಗಳಿದ್ದವು. ಆದರೂ ದಾಸೋಹಕ್ಕೆ ರೊಟ್ಟಿ ತುಂಬಿಕೊಂಡ ಟ್ರ್ಯಾಕ್ಟರುಗಳ ಮಾತು ಎಲ್ಲೆಲ್ಲೂ ಶುರುವಾಗಿತ್ತು. ಅಲ್ಲಿ ಗುಡ್ಡದ ಮೇಲೆ ಅಶೋಕನ ಶಾಸನವಿದೆ, ಇನ್ನೊಂದು ಹತ್ತಿರದ ಪಾಲ್ಕಿಗುಂಡಿನಲ್ಲಿ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ನಾನು ಇಲ್ಲಿ ಮಾಸ್ತರನಾದೆ. ದಾರಿಯ ನಿಲ್ದಾಣ ಎಂಬ ವಿಚಾರ ಜಪಾನಿನವರದಲ್ಲ, ಅಶೋಕನದು. ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುವುದಕ್ಕೆ ಛತ್ರ ಮಾಡಿಸಿದೆ ಎಂದು ಅವನು ಕಂಬದ ಮೇಲೆ ಬರೆಸಿದ್ದಾನೆ ಎಂದೆ. "ಹಂಗಾರ ಇದರಾಗ ಅದ ಬರದೈತಿ?" ಎಂದ ಅಳಿಯ. ಇಲ್ಲ. ಆ ಕಂಬ ಈಗ ದಿಲ್ಲಿಯಲ್ಲಿದೆ. ಛತ್ರದ ಮಾತು ದಿಲ್ಲಿಗೆ ಹೋಯಿತು, ನಮಗೆ ಉಳಿದದ್ದು ಛತ್ರಿಯಂತೆ ಚಾಚಿದ ಬಂಡೆ. ಈ ಬಂಡೆಯ ಮೇಲೆ ಅವನು ಬರೆಸಿದ್ದು ಬೇರೆ: ನಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಮೊದಲ ಒಂದು ವರ್ಷ ಅಷ್ಟೇನೂ ಪ್ರಯತ್ನ ಪಡಲಿಲ್ಲ ಎಂಬ ಅರ್ಥದ ಮಾತು. ಚಕ್ರವರ್ತಿಯೊಬ್ಬ ತನ್ನ ಸೋಮಾರಿತನವನ್ನು ಕಲ್ಲಿನಲ್ಲಿ ಕೊರೆಸಿ ಊರೂರಿಗೆ ಹಂಚಿದ್ದಾನೆ. ನನ್ನ ಸರ್ವಿಸ್ ಬುಕ್ಕಿನಲ್ಲಿ ಅಂಥ ಸಾಲು ಬರೆಯಲು ಯಾವ ಹೆಡ್‌ಮಾಸ್ತರರಿಗೂ ನಾನು ಅವಕಾಶ ಕೊಟ್ಟಿಲ್ಲ.

ಕೋಟೆಗೆ ಹತ್ತಿದವರು ನಾವಿಬ್ಬರೇ. ನಾನು ಅರ್ಧ, ಅವನು ಪೂರ್ತಿ. ಹೊಕ್ಕೈಡೊದ ಹಕೊದಾತೆಯಲ್ಲಿ ಗೊರ್ಯೊಕಾಕು ಎಂಬ ನಕ್ಷತ್ರದಾಕಾರದ ಕೋಟೆಯಿದೆಯಂತೆ. ಈಗ ಅದು ಉದ್ಯಾನ, ಸುತ್ತ ಚೆರ್ರಿ ಗಿಡ, ಪಕ್ಕದಲ್ಲಿ 107 ಮೀಟರಿನ ಗೋಪುರ. ಲಿಫ್ಟಿನಲ್ಲಿ ಹೋಗಿ ನಿಂತರೆ ಇಡೀ ನಕ್ಷತ್ರ ಕಾಲಕೆಳಗೆ. ಅದನ್ನು ಕಟ್ಟಲು ಶುರು ಮಾಡಿದ್ದು 1857ರಲ್ಲಿ ಎಂದು ಅವನು ಮೊಬೈಲ್ ನೋಡಿ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಮರುವರ್ಷವೇ, 1858ರಲ್ಲಿ, ಮುಂಡರಗಿ ಭೀಮರಾಯ ಇಂಗ್ಲಿಷರ ವಿರುದ್ಧ ಎದ್ದು ಈ ಕೊಪ್ಪಳ ಕೋಟೆಯಲ್ಲೇ ಪ್ರಾಣ ಬಿಟ್ಟದ್ದು. ಕೂತ ಕಲ್ಲಿನಿಂದ ಎದ್ದು ನಿಂತು ಹೇಳಿದೆ. ಲಿಫ್ಟಿಲ್ಲದ ಕೋಟೆಯಲ್ಲಿ ಉಸಿರು ಹಿಡಿದು ಹೇಳಿದ ಇತಿಹಾಸಕ್ಕೆ ಒಂದು ತೂಕ ಬರುತ್ತದೆ. ಕೆಳಗೆ ಗಾಡಿಯ ಹಾರ್ನು ಮೂರು ಸಲ ಆಯಿತು. ಅಷ್ಟರಲ್ಲಿ ಗಂಟೆ ಹನ್ನೆರಡೂವರೆ.

ಅಲ್ಲಿಂದ ಮುಂದೆ ಒಂದು ಕಡೆ, ಊರಿನ ಹೆಸರು ಬೇಡ, ದಾರಿಬದಿಗೆ ಚಂದದ ಕಟ್ಟಡ ಕಂಡಿತು. ಗೋಡೆಯ ಮೇಲೆ ಒಂದು ಗಂಡಿನ ಚಿತ್ರ, ಒಂದು ಹೆಣ್ಣಿನ ಚಿತ್ರ. ಅಳಿಯ ಖುಷಿಯಿಂದ "ಮಿಚಿ ನೋ ಎಕಿ!" ಎಂದು ಕೂಗಿದ. ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಕೀಲಿ ಹಾಕಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನನ್ನು ಕೇಳಿದೆವು.

"ಕೀಲಿಕೈ ಯಾರ ಕಡೆ ಐತಿ?"

"ಅಂವ ಮದುವಿಗೆ ಹೋಗ್ಯಾನ್ರಿ."

"ಊಟ ಮುಗಿಸಿ ಬರತಾನಲ್ಲ?"

"ಇಲ್ರೀ, ಅವಂದ ಮದುವಿ."

ಹೆಣ್ಣುಮಕ್ಕಳು ಒಂದು ಮಾತೂ ಆಡದೆ ಸಾಲಾಗಿ ತೊಗರಿ ಹೊಲಕ್ಕೆ ನಡೆದರು. ಇಬ್ಬರು ಸೆರಗು ಹಿಡಿದು ನಿಲ್ಲುವುದು, ಒಬ್ಬರು ಮರೆಗೆ ಹೋಗುವುದು, ಆಮೇಲೆ ಪಾಳಿ ಬದಲು. ಕವಾಯತಿನಷ್ಟು ಶಿಸ್ತು. ನಾವು ಗಂಡಸರು ಆಕಾಶ, ಟೈರು, ಮೈಲಿಗಲ್ಲು ಇತ್ಯಾದಿ ನೋಡುತ್ತ ನಿಂತೆವು. ತಿರುಗಿ ಬಂದ ಅಕ್ಕ ಹೇಳಿದಳು, "ಸಂಕ್ರಾಂತಿ ಒಳಗ ಎಲ್ಲಾ ತಿರಗ್ಯಾಡಬೇಕು ನೋಡು. ತೊಗರಿ ಕೊಯ್ದ್ರಪ್ಪಾ ಅಂದ್ರ ಮುಗೀತು." ನಮ್ಮ ಕಡೆ ಪ್ರವಾಸದ ಋತು ಯಾವುದೆಂದು ನಾನು ಪುಸ್ತಕಗಳಲ್ಲಿ ಓದಿದ್ದೆ, ಅಕ್ಟೋಬರದಿಂದ ಫೆಬ್ರವರಿ ಎಂದು. ಕಾರಣ ಹವಾಮಾನ ಎಂದು ಬರೆದಿದ್ದರು.

ಹುಲಿಗಿಯಲ್ಲಿ ಹುಲಿಗೆಮ್ಮನ ಭಂಡಾರ ಹಣೆಗೆ ಬಂತು. ಮಂಗಳವಾರ ಅಲ್ಲ, ಶುಕ್ರವಾರ ಅಲ್ಲ, ಹುಣ್ಣಿಮೆಯೂ ಅಲ್ಲ, ಬೇಗ ದರ್ಶನವಾಯಿತು. ಮುನಿರಾಬಾದಿನಲ್ಲಿ ಪಂಪಾವನ ನೋಡಬೇಕೆಂದು ಅಳಿಯನಿಗೆ ಆಸೆ. ಮಂದಿಗೆ ಬೇಕಾದದ್ದು ಡ್ಯಾಮಿನ 19ನೇ ಗೇಟು. 1953ರಿಂದ ನೀರು ಹಿಡಿದು ನಿಂತ ತುಂಗಭದ್ರೆಯ 33 ಗೇಟುಗಳಲ್ಲಿ ಮುಂಚೆ ಯಾರಿಗೂ ಯಾವುದರ ನಂಬರೂ ಬೇಕಿರಲಿಲ್ಲ. 2024ರ ಆಗಸ್ಟಿನಲ್ಲಿ ಚೈನು ಹರಿದು 19ನೆಯದು ಕೊಚ್ಚಿಕೊಂಡು ಹೋದದ್ದೇ ಹೋದದ್ದು, ಉಳಿದ 32 ಗೇಟು ಅದರ ನೆರೆಹೊರೆಯವರಾದವು. ದೂರದಿಂದ ಎಣಿಕೆ ಶುರುವಾಯಿತು. ಡ್ರೈವರ್ ಈ ಕಡೆಯಿಂದ ಎಣಿಸಿ ಒಂದನ್ನು ತೋರಿಸಿದ. ನಮ್ಮಾಕಿ ಹೊಸಪೇಟೆ ಕಡೆಯಿಂದ ಎಣಿಸಿ ಇನ್ನೊಂದನ್ನು ತೋರಿಸಿದಳು. ಒಂದು ಕಡೆಯ 19 ಇನ್ನೊಂದು ಕಡೆಯಿಂದ 15 ಆಗುತ್ತದೆ ಎಂದು ಅಳಿಯ ಲೆಕ್ಕ ಬಿಡಿಸಿದ. ಯಾರೂ ಒಪ್ಪಲಿಲ್ಲ. ಕೊನೆಗೆ ಎರಡೂ ಗೇಟುಗಳ ಫೋಟೋ ತೆಗೆದುಕೊಂಡು, ಕಾಲುವೆ ದಂಡೆಯ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪಂಪಾವನ ಮುಂದಿನ ಸಲಕ್ಕೆ ಉಳಿಯಿತು.

ಅಂಜನಾದ್ರಿಗೆ ಬಂದಾಗ ಬಿಸಿಲು ಇಳಿದಿತ್ತು. 575 ಮೆಟ್ಟಿಲು. ಕೋಟೆಯ ಬುಡದಲ್ಲಿ "ಮೊಣಕಾಲು ಬ್ಯಾನಿ" ಎಂದು ಕೂತಿದ್ದ ಅಕ್ಕ ಇಲ್ಲಿ ಸೆರಗು ಸಿಗಿಸಿ ಹೊರಟೇಬಿಟ್ಟಳು. ಟಿಪ್ಪು ಮರಳಿ ಕಟ್ಟಿಸಿದ ಗೋಡೆಗಾಗಿ ಏರದ ಮೊಣಕಾಲು ಹನುಮಪ್ಪನಿಗಾಗಿ ಏರುತ್ತದೆ. ನಾನು ಇನ್ನೂರರ ಆಸುಪಾಸಿನಲ್ಲಿ ಕೂತು, ಏರುವವರಿಗೆ ಇನ್ನೆಷ್ಟಿವೆ ಎಂದು ಹೇಳುವ ಸೇವೆ ಮಾಡಿದೆ. ಮೇಲಿನಿಂದ ತುಂಗಭದ್ರೆ, ಭತ್ತದ ಗದ್ದೆ, ಬಂಡೆಗಳ ರಾಶಿ, ಆಚೆಗೆ ಹಂಪಿ ಎಲ್ಲಾ ಕಾಣುತ್ತವೆಂದು ಅಳಿಯ ಬಂದು ಹೇಳಿದ. ಲಿಫ್ಟು ಬೇಕಾಗಲಿಲ್ಲ ಎಂದೂ ಸೇರಿಸಿದ.

ಹಿರೇಬೆಣಕಲ್ ಬಂದಾಗ ಕತ್ತಲು. ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನ ಗೋರಿಗಳು, ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಪುಟ್ಟ ಮನೆಗಳ ಹಾಗೆ, ಕೆಲವಕ್ಕೆ ದುಂಡನೆಯ ಕಿಂಡಿ. ಬಡಿದರೆ ನಗಾರಿಯಂತೆ ಗುಡುಗುವ ಗುಂಡೂ ಅಲ್ಲಿದೆ. ನನಗೆ ಜಿಲ್ಲೆಯಲ್ಲೇ ಅತಿ ಇಷ್ಟದ ಜಾಗ. ಜನರ ಬಾಯಲ್ಲಿ ಅದು ಮೋರ್ಯರ ಗುಡ್ಡ. ಗಾಡಿ ನಿಲ್ಲಿಸೆಂದೆ. "ಮಾಸ್ತರ್ರ, ಸತ್ತೋರ ಮನಿಗೆ ಕತ್ತಲಾಗ ಬೀಗತನಕ್ಕ ಹೋಗಬಾರ್ದು" ಎಂದು ಡ್ರೈವರ್ ಗೇರು ಬದಲಿಸಿದ. ಗುಡ್ಡ ಇರಬೇಕಾದ ದಿಕ್ಕಿಗೆ ಕೈ ತೋರಿಸಿ, ಕಿಟಕಿಯಲ್ಲೇ ವರ್ಣನೆ ಮಾಡಿದೆ. ಹಿಂದಿನ ಸೀಟಿನಲ್ಲಿ ಎಲ್ಲರೂ ನಿದ್ದೆಹೋಗಿದ್ದರು. ಮನೆ ಮುಟ್ಟಿದಾಗ ಹನ್ನೊಂದು ಹತ್ತು.

ಒಳಗೆ ದೀಪ ಹಾಕಿದಾಗ ಅಳಿಯ ತಾಯಿಯ ಮುಖ ನೋಡಿ ನಗಲಾರಂಭಿಸಿದ. ಹಣೆಯ ಮೇಲೆ ಅಳವಂಡಿಯ ವಿಭೂತಿ, ಅದರ ಮೇಲೆ ಗವಿಮಠದ ವಿಭೂತಿ, ಅದರೊಳಗೆ ಹುಲಿಗಿಯ ಭಂಡಾರ, ನಡುವೆ ಅಂಜನಾದ್ರಿಯ ಸಿಂಧೂರ. "ಮಾಮಾ, ನಾವು ಮೊಹರಿನ ಪುಸ್ತಕ ಒಯ್ಯಲಿಲ್ಲ ಅಂತ ಮಾಡಿದ್ದೆ. ಅವ್ವ ತುಂಬಿಸಿಕೊಂಡ ಬಂದಾಳ." ನನ್ನ ಹಣೆಯನ್ನು ಕನ್ನಡಿಯಲ್ಲಿ ನೋಡಿಕೊಂಡೆ. ಅಂಜನಾದ್ರಿ ಖಾಲಿ ಇತ್ತು.

ಮರುದಿನ ಬೆಳಿಗ್ಗೆ ಅವನು ತನ್ನ ನಿಜವಾದ ಪುಸ್ತಕ ತೆಗೆದು ಅಕ್ಕನ ಮುಂದಿಟ್ಟ. ಪುಟಕ್ಕೊಂದು ದುಂಡನೆಯ ಮೊಹರು, ಒಂದರಲ್ಲಿ ಕರಡಿ, ಒಂದರಲ್ಲಿ ಮೀನು, ಒಂದರಲ್ಲಿ ಬೆಟ್ಟ, ಸುತ್ತ ಇರುವೆ ಸಾಲಿನಂಥ ಅಕ್ಷರ. ಅಕ್ಕ ಒಂದೊಂದನ್ನೂ ಬೆರಳಿನಿಂದ ಸವರಿದಳು.

"ಇವು ಯಾವ ಯಾವ ದೇವರದಪ್ಪಾ?"

"ದೇವರದಲ್ಲಬೇ. ಆವತ್ತ ಮಾಮಾ ಹೇಳಿದ್ನಲ್ಲ, ದಾರ್ಯಾಗಿನ ನಿಲ್ದಾಣದ್ದು. ರಾತ್ರಿನೂ ಸಂಡಾಸ ತಗದಿರತೈತಿ ಅಂತ."

ಅಕ್ಕ ಸ್ವಲ್ಪ ಹೊತ್ತು ಪುಟವನ್ನೇ ನೋಡಿದಳು. ಆಮೇಲೆ ಕೈ ಒರೆಸಿಕೊಂಡು, ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಜಗಲಿಯ ಮೇಲೆ ಹುಲಿಗೆಮ್ಮನ ಫೋಟೋದ ಪಕ್ಕ ಇಟ್ಟಳು.