ಸೂಜಿಗೊಂದು ಮುಹೂರ್ತ

ನಮ್ಮ ಕೊಟ್ಟೂರಿನ ತೇರಿಗೆ ಮೂಲಾ ನಕ್ಷತ್ರ ಕೂಡಬೇಕು. ನನ್ನ ಇನ್ಸುಲಿನ್ ಸೂಜಿಗೆ ಯಾವ ನಕ್ಷತ್ರ? ಗ್ಲಾರ್ಜಿನ್ ಎಂಬ ಇನ್ಸುಲಿನ್ ಬರೆದುಕೊಟ್ಟ ದಿನದಿಂದ ಮನೆಯಲ್ಲಿ ಇದೇ ಪಂಚಾಯ್ತಿ.

"ಮಲಗೋ ಮುಂದ ಚುಚ್ಕೊಳ್ರಿ" ಅಂದಳು ಮನೆಯಾಕೆ. ನಾನು ಮಲಗೋದಕ್ಕೆ ಹೊತ್ತುಂಟೆ? ಮಂಡಕ್ಕಿ-ಮಿರ್ಚಿ ಮುಗಿಸಿ ಕಟ್ಟೆ ಮಾತಿಗೆ ಕೂತರೆ ಹನ್ನೊಂದು, ಟಿವಿ ಮುಂದೆ ಕೂತರೆ ಎಂಟು. ಹರಪನಹಳ್ಳಿ ಬೀಗರು ಬೆಳಿಗ್ಗೆಯೇ ಸೈ ಎಂದರು. ಹಡಗಲಿಯ ಷಡ್ಡಕ, "ಊಟಕ್ಕೆ ಮೊದಲೋ ಆಮೇಲೋ?" ಅಂತ ಹೊಸ ತಕರಾರು ತೆಗೆದ.

ಕೂಡ್ಲಿಗಿಯ ಡಾಕ್ಟರು ನಕ್ಕರು. "ಇದು ಊಟದ ಇನ್ಸುಲಿನ್ ಅಲ್ಲ ಯಜಮಾನ್ರೇ. ಸುಮಾರು 24 ಗಂಟೆ ನಿಧಾನಕ್ಕೆ ಕೆಲಸ ಮಾಡುತ್ತೆ. ಬೆಳಿಗ್ಗೆಯೋ ರಾತ್ರಿಯೋ, ನಿಮಗೆ ಮರೆಯದ ಹೊತ್ತು ಆರಿಸಿ. ಆದರೆ ದಿನಾ ಅದೇ ಹೊತ್ತು. ರಾತ್ರಿ ಸಕ್ಕರೆ ಇಳಿದು ಬೆವರಿದರೆ ಮಾತ್ರ ತಡಮಾಡದೆ ಹೇಳಿ."

ನನ್ನ ಬದುಕಿನಲ್ಲಿ ತಪ್ಪದ ಹೊತ್ತು ಒಂದೇ: ಬೆಳಗಿನ ಏಳರ ಚಹಾ. ಅದೀಗ ಸಕ್ಕರೆಯಿಲ್ಲದ ಕಷಾಯ, ಇರಲಿ. ಅದನ್ನು ಒಲೆಗಿಟ್ಟು ಇನ್ಸುಲಿನ್ ಪೆನ್ನಿನ ಗುಂಡಿ ತಿರುಗಿಸುತ್ತೇನೆ, ಟಿಕ್ ಟಿಕ್ ಅಂತ 14 ಯೂನಿಟ್‌ವರೆಗೆ. ಹೊಟ್ಟೆಗೆ ಚುಚ್ಚಿ, ಹತ್ತು ಎಣಿಸಿ, ಸೂಜಿ ತೆಗೆಯುವಷ್ಟರಲ್ಲಿ ಚಹಾ ಉಕ್ಕಿರುತ್ತದೆ. ಮನೆಯಾಕೆಯ ಬೈಗುಳವೂ ಈಗ ದಿನಾ ಅದೇ ಹೊತ್ತಿಗೆ.