ತೂಕ ಕೇಳಿದರೆ ಮರ್ಯಾದೆಯಿಂದ ಹೇಳಿಬಿಡಿ

ಕಾರಿನ ಸೀಟಿನ ಕೆಳಗೆ ತಕ್ಕಡಿ ಯಾಕೆ ಇಟ್ಟಿದ್ದಾರೆ ಅಂತ ಕೇಳ್ತೀರಲ್ಲ ಅಣ್ಣಾ, ಬೇರೆ ಊರಿನವರು ಕೇಳಿದ್ರೆ ಸರಿ, ಚಿನ್ನದ ಗಣಿಯ ಊರಿಗಾಂನವರು ಕೇಳಬಾರದು. ಮನುಷ್ಯರ ಭಾರ ಲೆಕ್ಕ ಹಾಕಿ, ಆಮೇಲೆ ಚಕ್ರ ತಿರುಗಿಸಿದ ಊರು ನಮ್ಮದು. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕೋವರೆಗೆ, ನಮ್ಮ ಹಿರಿಯರು ಪಾಳಿ ಪಾಳಿಗೂ ಹಗ್ಗ ನಂಬಿಕೊಂಡು ಇಳಿದವರು, ಹಗ್ಗ ನಂಬಿಕೊಂಡು ಹತ್ತಿದವರು.

ನಿಮ್ಮಪ್ಪನವರು ಗಣಿಗೆ ಜನರನ್ನ ಇಳಿಸೋ ಕೇಜಿನ ವಿಷಯ ಹೇಳ್ತಿರಲಿಲ್ವಾ? ಶಾಫ್ಟಿನ ಬಾಯಲ್ಲಿ ಬ್ಯಾಂಕ್ಸ್‌ಮನ್ ನಿಂತಿರ್ತಿದ್ದ. ಇಷ್ಟೇ ಜನ ಅಂತ ಮೊದಲೇ ಗೊತ್ತುಮಾಡಿರೋದು. ತಲೆ ಎಣಿಸಿ, ಗೇಟು ಹಾಕಿ, ಬೆಲ್ ಹೊಡೆದ ಮೇಲೇನೇ ಹಗ್ಗ ಸುತ್ತೋ ವೈಂಡಿಂಗ್ ಡ್ರೈವರ್ ಲಿವರ್ ಮುಟ್ಟೋದು. ಡ್ರೈವರಿಗೆ ಕೇಜು ಕಾಣಿಸ್ತಿರಲಿಲ್ಲ, ಜನ ಕಾಣಿಸ್ತಿರಲಿಲ್ಲ. ಬೆಲ್ಲಿನ ಸದ್ದು, ಆಳ ತೋರಿಸೋ ಮುಳ್ಳು, ಅಷ್ಟೇ ಅವನ ಕಣ್ಣು. ಎಣಿಸಿದವನ ಮಾತನ್ನ ಅವನು ನಂಬಬೇಕು, ಅವನ ಕೈಯನ್ನ ಒಳಗಿರೋರು ನಂಬಬೇಕು. ಆ ಕಾಲದ ತಕ್ಕಡಿ ಅಂದ್ರೆ ಆ ಎಣಿಕೆ.

ಹಗ್ಗದ ಲೆಕ್ಕವೇ ಒಂದು ಸೋಜಿಗ, ಕೇಳಿ. ಮೀಟರಿಗೆ 5 ಕಿಲೋ ತೂಗೋ ಉಕ್ಕಿನ ಹಗ್ಗ ಅಂತ ಇಟ್ಕೊಳ್ಳಿ. 1,000 ಮೀಟರ್ ಬಿಟ್ರೆ ಹಗ್ಗವೊಂದೇ 5 ಟನ್. ಅದರ ತುದಿಯಲ್ಲಿ 30 ಜನ ನಿಂತರೆ 2 ಟನ್. ಅಂದ್ರೆ ಆಳ ಹೆಚ್ಚಿದ ಹಾಗೆಲ್ಲ ಹಗ್ಗ ಜನರಿಗಿಂತ ಜಾಸ್ತಿ ತನ್ನನ್ನೇ ಹೊರಬೇಕು. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಹೋಯ್ತಲ್ಲ, ಅಷ್ಟು ಆಳಕ್ಕೆ ಒಂದೇ ಹಗ್ಗ ಬಿಟ್ಟಿರಲಿಲ್ಲ. ಒಂದು ಹಂತ ಇಳಿದು, ಭೂಮಿಯೊಳಗೇ ಇನ್ನೊಂದು ಶಾಫ್ಟಿಗೆ ನಡೆದು, ಮತ್ತೆ ಕೇಜು ಹತ್ತಬೇಕಿತ್ತು.

ಇನ್ನೊಂದು ವಿಷಯ. 1,000 ಮೀಟರ್ ಕೆಳಗೆ ತೂಗಾಡ್ತಿರೋ ಖಾಲಿ ಕೇಜಿಗೆ ಆ 30 ಜನ ಹತ್ತಿದ್ರೆ ಹಗ್ಗ ಹಿಗ್ಗಿ ಕೇಜು ಒಂದಡಿಯಷ್ಟು ಕುಸಿಯುತ್ತೆ. ಗಾಬರಿಪಡೋ ವಿಷಯವಲ್ಲ. ಉಕ್ಕು ಭಾರಕ್ಕೆ ತಕ್ಕ ಹಾಗೆ ಹಿಗ್ಗುತ್ತೆ, ಭಾರ ಇಳಿದ್ರೆ ಮೊದಲಿನ ಹಾಗೇ ಆಗುತ್ತೆ. ಎಷ್ಟು ಹಿಗ್ಗಿತು ಅಂತ ಅಳೆದ್ರೆ ಎಷ್ಟು ಭಾರ ಅಂತ ಗೊತ್ತಾಯ್ತು. ಭಾರ ಅಳೆಯೋ ಈಗಿನ ಲೋಡ್ ಸೆಲ್ಲಿನ ಗುಟ್ಟೆಲ್ಲ ಇಷ್ಟೇ ಅಣ್ಣಾ.

ಅದರಲ್ಲಿ ಗೇಣುದ್ದದ ಉಕ್ಕಿನ ತುಂಡು ಇರುತ್ತೆ. ಅದು ಹಿಗ್ಗೋದು ಕಣ್ಣಿಗೆ ಕಾಣಲ್ಲ. ಅದಕ್ಕೇ ಅದರ ಮೈಗೆ ಕೂದಲೆಳೆಯಂಥ ತಂತಿಯನ್ನ ಅಂಟಿಸ್ತಾರೆ. ಉಕ್ಕು ಹಿಗ್ಗಿದ್ರೆ ತಂತಿಯೂ ಹಿಗ್ಗಿ ತೆಳುವಾಗುತ್ತೆ, ಕರೆಂಟು ಹರಿಯೋದು ಒಂಚೂರು ಕಷ್ಟವಾಗುತ್ತೆ. ಇದನ್ನ ಲಾರ್ಡ್ ಕೆಲ್ವಿನ್ 1856ರಲ್ಲೇ ಕಂಡುಕೊಂಡಿದ್ದ. ಆದರೆ ಅಂಟಿಸಿ ಅಳೆಯೋ ಉಪಾಯ ಹೊಳೆದದ್ದು 1938ರಲ್ಲಿ, ಅಮೆರಿಕದ ಸಿಮನ್ಸ್, ರೂಜ್ ಅನ್ನೋ ಇಬ್ಬರಿಗೆ, ಬೇರೆ ಬೇರೆ ಕಡೆ. 350 ಓಮಿನ ತಂತಿಯಲ್ಲಿ ಆಗೋ ವ್ಯತ್ಯಾಸ ಒಂದು ಓಮೂ ಇರಲ್ಲ. ಅಂಥ ನಾಲ್ಕು ತಂತಿಗಳನ್ನ ವೀಟ್‌ಸ್ಟನ್ ಬ್ರಿಡ್ಜ್ ಅಂತ ಚೌಕವಾಗಿ ಜೋಡಿಸಿದ್ರೆ ಆ ಚೂರು ವ್ಯತ್ಯಾಸವೂ ಸಿಕ್ಕಿಬೀಳುತ್ತೆ. ಅಕ್ಕಿ ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಲಾರಿ ತೂಗೋ ವೇಬ್ರಿಡ್ಜಿನಲ್ಲಿ, ಕ್ರೇನಿನಲ್ಲಿ ಇರೋದೆಲ್ಲ ಇದೇ ಜಾತಿಯದು.

ಕ್ರೇನಿಗೆ ಮಾತ್ರ ತೂಕವೊಂದೇ ತಿಳಿದ್ರೆ ಸಾಲದು. ಬಿಇಎಂಎಲ್ ಕಾರ್ಖಾನೆಯ ದೊಡ್ಡ ಯಂತ್ರಗಳ ನಡುವೆ ಬದುಕಿದ ಊರು ಇದು, ನಿಮಗೆ ಗೊತ್ತಿರುತ್ತೆ. ಹತ್ತಿರದಲ್ಲಿ ಸಲೀಸಾಗಿ ಎತ್ತಿದ 10 ಟನ್ನನ್ನೇ ಬೂಮು ಅನ್ನೋ ತೋಳು ಚಾಚಿ ದೂರ ಹಿಡಿದ್ರೆ ಕ್ರೇನು ಮಗುಚಿಕೊಳ್ಳುತ್ತೆ. ಅದಕ್ಕೇ ಅಲ್ಲಿ ಭಾರ, ಬೂಮಿನ ಉದ್ದ, ಅದರ ಓರೆ ಮೂರನ್ನೂ ಒಟ್ಟಿಗೆ ಅಳೆದು, ಮಿತಿ ಹತ್ತಿರ ಬಂದಾಗ ಮೊದಲು ಎಚ್ಚರಿಸಿ, ಮೀರಿದ್ರೆ ಎತ್ತೋದನ್ನೇ ನಿಲ್ಲಿಸೋ ಸಾಧನ ಇಡ್ತಾರೆ. ‘ಇಪ್ಪತ್ತು ವರ್ಷದ ಅನುಭವ, ಕಣ್ಣಳತೆಯಲ್ಲೇ ಹೇಳ್ತೀನಿ’ ಅನ್ನೋ ಆಪರೇಟರ್ ಬಗ್ಗೆ ನನಗೆ ಗೌರವ ಇದೆ. ಆದರೆ ಮಣ್ಣಲ್ಲಿ ಹೂತ ಕಂಬ ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿದೆ, ಮಳೆನೀರು ಕುಡಿದ ಮರಳು ಎಷ್ಟು ಭಾರವಾಗಿದೆ ಅನ್ನೋದು ಕಣ್ಣಿಗೆ ಕಾಣಲ್ಲ.

ಈಗ ನಿಮ್ಮ ಕಾರಿಗೆ ಬರೋಣ. ಎಷ್ಟೋ ಕಾರುಗಳ ಸೀಟಿನಲ್ಲಿರೋದು ಲೋಡ್ ಸೆಲ್ಲೂ ಅಲ್ಲ, ಕುಶನ್ನಿನ ಕೆಳಗೊಂದು ತೆಳ್ಳನೆ ಹಾಳೆ. ಭಾರ ಬಿದ್ದಾಗ ಅದರೊಳಗಿನ ಎರಡು ಪದರ ಒಂದನ್ನೊಂದು ಮುಟ್ಟಿ, ಯಾರೋ ಕೂತಿದ್ದಾರೆ ಅಂತ ಹೇಳುತ್ತೆ. ಅಕ್ಕಿ ಚೀಲ ಇಟ್ಟರೂ ಬೆಲ್ಟ್ ಹಾಕು ಅಂತ ಕೂಗೋದು ಅದಕ್ಕೇ. ಚೀಲಕ್ಕೂ ಮನುಷ್ಯನಿಗೂ ಅದಕ್ಕೆ ಭೇದ ತಿಳಿಯಲ್ಲ. ಚೀಲ ಹಿಂದಕ್ಕಿಡಿ, ಸುಮ್ಮನಾಗುತ್ತೆ. ಇನ್ನೂ ಚುರುಕಾದ ಸೀಟುಗಳು ಕೂತಿರೋದು ದೊಡ್ಡವರೋ ಮಗುವೋ ಅಂತ ತೂಕದಿಂದ ಅಂದಾಜು ಮಾಡಿ, ಮಗುವಾದ್ರೆ ಮುಂದಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಹಾಗೆ ತಡೀತವೆ. ದೊಡ್ಡವರನ್ನ ಉಳಿಸೋ ಆ ಗಾಳಿಚೀಲದ ಹೊಡೆತವನ್ನ ಎಳೆಗತ್ತು ತಡೆಯಲ್ಲ. ನಮ್ಮ ದೇಶದಲ್ಲಿ 2019ರ ಜುಲೈನಿಂದ ಹೊಸ ಕಾರುಗಳ ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸೋ ಬಜರ್ ಕಡ್ಡಾಯ ಆಯ್ತು.

ನನಗೆ ಸಂಕಟ ಆಗೋದು ಇಲ್ಲೇ. ಆ ಬಜರ್ ಬಾಯಿ ಮುಚ್ಚಿಸೋಕೆ ಅಂತ ಕೊಂಡಿಗೆ ಸಿಕ್ಕಿಸೋ ಕ್ಲಿಪ್ ಮಾರ್ತಾರೆ. 2023ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಕಂಪನಿಗಳಿಗೆ ಆದೇಶ ಮಾಡ್ತು, ಇಂಥ 13,118 ಮಾರಾಟದ ಪುಟಗಳನ್ನ ತೆಗೆಸಿ ಹಾಕಿದ್ರು. ಕೊಳ್ಳೋರು ಇದ್ದದ್ದಕ್ಕೆ ತಾನೇ ಮಾರಿದ್ದು? ಗಣಿಯಲ್ಲಿ ಬ್ಯಾಂಕ್ಸ್‌ಮನ್ ‘ಸಾಕು, ಇನ್ನೊಬ್ಬರು ಬೇಡ’ ಅಂದಾಗ ಅವನ ಬಾಯಿಗೆ ಬಟ್ಟೆ ತುರುಕಿ ಕೇಜು ಇಳಿಸಿದ್ರೆ ಹೇಗೋ, ಇದೂ ಹಾಗೇ.

ಬೆಂಗಳೂರಲ್ಲಿ ಮಗನ ಮನೆಗೆ ಹೋಗ್ತೀರಲ್ಲ, ಅಲ್ಲಿನ ಲಿಫ್ಟಿನೊಳಗೆ ಬರೆದಿರೋದನ್ನ ಓದಿ ನೋಡಿ. 6 ಜನ, 408 ಕಿಲೋ. ತಲೆಗೆ 68 ಕಿಲೋ ಲೆಕ್ಕ. ಆದರೆ ಮದುವೆಗೆ ಹೊರಟ ಆರು ಜನರ ಕೈಯಲ್ಲಿ ಹರಿವಾಣ, ತೆಂಗಿನಕಾಯಿ ಮೂಟೆ ಇದ್ರೆ ತಲೆ ಎಣಿಸಿದ್ದು ಸುಳ್ಳಾಗುತ್ತೆ, ಲಿಫ್ಟಿನ ನೆಲದಡಿಯ ತೂಗೋ ಸಾಧನ ಸುಳ್ಳಾಗಲ್ಲ. ಗಂಟೆ ಹೊಡೀತು ಅಂದ್ರೆ ಒಬ್ಬರು ಇಳೀಬೇಕು. ದಪ್ಪಗಿರೋರ ಕಡೆ ಎಲ್ಲರೂ ತಿರುಗಿ ನೋಡೋ ಕೆಟ್ಟ ಚಾಳಿ ಬಿಟ್ಟು, ಕೊನೆಗೆ ಹತ್ತಿದವರು ತಾವಾಗಿ ಇಳಿದ್ರೆ ಅದು ದೊಡ್ಡತನ. ಒಂದು ನಿಮಿಷ ಕಾದ್ರೆ ಲಿಫ್ಟು ಮತ್ತೆ ಬರುತ್ತೆ. ಮೊಮ್ಮಕ್ಕಳಿಗೂ ಇದನ್ನ ಹೇಳಿಕೊಡಿ ಅಣ್ಣಾ. ಶಾಲೆಯಲ್ಲಿ ಯಾರೂ ಹೇಳಿಕೊಡಲ್ಲ, ನಮ್ಮೂರಿನ ಹಿರಿಯರ ಮಾತು ಅಂದ್ರೆ ಅವರು ಕೇಳ್ತಾರೆ.